ಬಿಕ್ಕೋಡಿನ ಹುಡುಗಿ ತಿರುವಿದ ಮುದ್ದೆ

"ಅಣ್ಣ, ಇವತ್ತು ನೀವು ಬಡಿಸೋ ಹಾಗಿಲ್ಲ, ಕೂತ್ಕೊಳ್ಳಿ" ಎಂದು ಆ ಹುಡುಗಿ ನನ್ನ ಕೈಯಿಂದ ಸೌಟು ಕಿತ್ತುಕೊಂಡಳು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಅಡುಗೆ ಮಾಡುತ್ತಿರುವವನು ನಾನು. ಎಲ್ಲರೂ ಉಂಡ ಮೇಲೆ ನಿಂತುಕೊಂಡೇ ಉಣ್ಣುವುದು ನನ್ನ ಅಭ್ಯಾಸ. ಕಾರ್ತಿಕದ ಆ ಮಧ್ಯಾಹ್ನ, ವರ್ಷವಿಡೀ ಅನ್ನ ಹಾಕಿದವರಿಗೆ ನಾವೂ ಒಂದು ದಿನ ಬಡಿಸಬೇಕೆಂದು ವಿದ್ಯಾರ್ಥಿಗಳು ನನ್ನನ್ನು ಊಟಕ್ಕೆ ಕರೆದಿದ್ದ ಪ್ರೊಫೆಸರುಗಳ ಸಾಲಿನಲ್ಲಿ ಕೂರಿಸಿದರು. ತಾವೇ ಮಾಡಿದ ರಾಗಿಮುದ್ದೆ, ಅವರೆಕಾಳಿನ ಸಾರು ಬಡಿಸಿದರು.

ಮುದ್ದೆ ತಿರುವಿದ್ದೂ ಸೌಟು ಕಿತ್ತುಕೊಂಡ ಆ ಹುಡುಗಿಯೇ, ಕಾಫಿತೋಟಗಳ ಬಿಕ್ಕೋಡಿನವಳು. ಅವರ ಮನೆಯಲ್ಲಿ ಅಕ್ಕಿರೊಟ್ಟಿಯೇ ಹೊರತು ಮುದ್ದೆಯ ಬಳಕೆಯಿಲ್ಲ. ಹಿಟ್ಟು ಬೇಯುವ ಮೊದಲೇ ಕೋಲು ಹಾಕಿದ್ದಾಳೆ. ಮುರಿದರೆ ಒಳಗೆಲ್ಲ ಒಣಹಿಟ್ಟಿನ ಗಂಟು.

"ಇದು ಮುದ್ದೆಯಲ್ಲ ಕಣೇ, ಕಾಫಿಬೀಜದ ಚೀಲ" ಎಂದು ಗೆಳತಿಯರು ನಕ್ಕರು. ಅವಳು ನಗಲಿಲ್ಲ. ನನ್ನ ತಟ್ಟೆಯನ್ನೇ ನೋಡುತ್ತ ನಿಂತಿದ್ದಳು. ನನ್ನ ಕೈಕೆಳಗಿನವರು ಇಂಥದ್ದು ಮಾಡಿದ್ದರೆ ಬೈಯದೆ ಬಿಡುವವನಲ್ಲ ನಾನು. ಆದರೆ ಸಾರಿನಲ್ಲಿ ಅದ್ದಿ ಅದ್ದಿ ಪೂರ್ತಿ ನುಂಗಿದೆ.

"ಇನ್ನೊಂದು ಹಾಕವ್ವ."

"ನನಗೋಸ್ಕರ ಉಣ್ಬೇಡಿ ಅಣ್ಣ, ಗಂಟಾಗಿದೆ."

"ಆಗೈತೆ. ಹಾಕು."

ಆಗಲೇ ಅಪ್ಪನ ನೆನಪಾದದ್ದು. ನಮ್ಮೂರು ಕಣಕಟ್ಟೆಯಲ್ಲಿ ಅವ್ವ ಹಾಸಿಗೆ ಹಿಡಿದಾಗ ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಒಲೆ ಮುಂದೆ ಕೂತವನು ನಾನು. ಮೊದಲ ದಿನ ನಾನು ತಿರುವಿದ ಎರಡೂ ಮುದ್ದೆಯನ್ನು ಅಪ್ಪನೊಬ್ಬನೇ ಉಂಡು, ನನಗೆ ಪಕ್ಕದ ಮನೆಯಿಂದ ಅನ್ನ ತರಿಸಿಕೊಟ್ಟಿದ್ದ. ಅಷ್ಟು ರುಚಿಯಾಗಿದ್ದಕ್ಕೇ ನನಗೂ ಉಳಿಸಲಿಲ್ಲವೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.