ಟವಲಿನ ಕೆಳಗಿನ ಕೈ

ಯಲಹಂಕದಾಚೆಯ ಸೋಮವಾರದ ಕುರಿ ಸಂತೆಯಲ್ಲಿ ಬಾಯಿಬಿಟ್ಟು ಬೆಲೆ ಹೇಳುವವನನ್ನು ಯಾರೂ ಗೌರವದಿಂದ ಕಾಣುವುದಿಲ್ಲ. ಅಲ್ಲಿ ವ್ಯಾಪಾರ ನಡೆಯುವುದು ಟವಲಿನ ಕೆಳಗೆ. ದಲ್ಲಾಳಿ ಹೆಗಲ ಮೇಲಿನ ಟವಲನ್ನು ಬಲಗೈ ಮೇಲೆ ಇಳಿಬಿಡುತ್ತಾನೆ, ಕೊಳ್ಳುವವನು ಅದರೊಳಗೆ ಕೈ ತೂರಿಸುತ್ತಾನೆ. ಒಂದು ಬೆರಳು ಹಿಡಿದರೆ ಒಂದು ಸಾವಿರ, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು, ನಡುಗೆಣ್ಣು ಒತ್ತಿದರೆ ಅರ್ಧ. ಸುತ್ತ ಐವತ್ತು ಜನ ನಿಂತು ನೋಡುತ್ತಿದ್ದರೂ ಬೆಲೆ ಗೊತ್ತಾಗುವುದು ಆ ಎರಡು ಕೈಗಳಿಗೆ ಮಾತ್ರ. ಅಲ್ಲಿ ಸುಳ್ಳು ಹೇಳಬಾರದು ಎಂದು ಯಾರೂ ಬೋರ್ಡು ಹಾಕಿಲ್ಲ. ಆದರೆ ಹೇಳಿ ಸಿಕ್ಕಿಬಿದ್ದವನ ಟವಲಿಗೆ ಮತ್ತೆ ಯಾರೂ ಕೈ ಹಾಕುವುದಿಲ್ಲ.

ಆ ಸಂತೆಯಲ್ಲಿ ಮೂವತ್ತು ವರ್ಷ ಟವಲು ಇಳಿಬಿಟ್ಟವನು ಚನ್ನಕೇಶವ. ಯಲಹಂಕದ ಹಳೇ ಊರಿನವನು, ಐವತ್ತನಾಲ್ಕು ವಯಸ್ಸು, ಕಿವಿಯವರೆಗೆ ಹಬ್ಬಿದ ಮೀಸೆ. ಜಮೀನು ಲೇಔಟ್ ಆಗಿ ಹೋಗಿ ಎಷ್ಟೋ ಕಾಲವಾಯಿತು. ಮೂರು ಅಂತಸ್ತಿನ ಮನೆ, ಎರಡರಲ್ಲಿ ಬಾಡಿಗೆದಾರರು. ಸಂತೆಗೆ ಹೋಗದಿದ್ದರೆ ಊಟಕ್ಕೇನೂ ಕೊರತೆಯಿರಲಿಲ್ಲ. ಆದರೂ ಹೋಗುತ್ತಿದ್ದ. ಕುರಿಯ ಬೆನ್ನು ಅದುಮಿ ಎಷ್ಟು ಕೆ.ಜಿ. ಮಾಂಸ ಎಂದು ಹೇಳಿದರೆ ಅರ್ಧ ಕೆ.ಜಿ. ಆಚೀಚೆ ಆಗುತ್ತಿರಲಿಲ್ಲ. ಸಿರಾ, ಪಾವಗಡದ ಕುರಿಗಾರರು ಅವನು ಬರುವವರೆಗೆ ಮಂದೆ ಬಿಚ್ಚದೆ ಕಾಯುತ್ತಿದ್ದರು. 'ಚನ್ನಕೇಶವಣ್ಣನ ಕೈ' ಎಂದರೆ ಸಂತೆಯಲ್ಲಿ ಮೇಲೆ ಮಾತಿಲ್ಲ. ಊರಿನಲ್ಲಿ ಅವನ ಓರಗೆಯವರೆಲ್ಲ ಸೈಟು ಮಾರಿ ಕಾರಿನಲ್ಲಿ ಓಡಾಡುವಾಗ ಅವನಿಗಿದ್ದ ಹೆಸರು ಇದೊಂದೇ.

ಆ ಕೈಗೆ ಇನ್ನೊಂದು ಬದುಕಿತ್ತು. ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಒಂದು ರೂಮು. ಬುಧವಾರ, ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಚನ್ನಕೇಶವ ಅಲ್ಲಿಗೆ ಹತ್ತಿ ಚಿಲಕ ಹಾಕಿಕೊಳ್ಳುತ್ತಿದ್ದ. ಟ್ರಂಕಿನಿಂದ ಸೀರೆ ತೆಗೆದು ಉಡುತ್ತಿದ್ದ, ಬಳೆ ತೊಡುತ್ತಿದ್ದ, ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅಷ್ಟೇ. ಪೇಪರು ಓದುತ್ತಿದ್ದ, ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದ. ಮೊದಮೊದಲು ಕನ್ನಡಿ ಇಟ್ಟುಕೊಂಡಿದ್ದ. ಸೀರೆಯ ಮೇಲೆ ಆ ಮೀಸೆ ನೋಡಿದಾಗಲೆಲ್ಲ ತನಗೇ ಹೇಸಿಗೆಯಾಗಿ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟ. ಮೀಸೆ ತೆಗೆದರೆ ಊರು ಸುಮ್ಮನಿರುತ್ತದೆಯೇ? ಅಪ್ಪ ಸತ್ತಾಗ ಬೋಳಿಸಿದ್ದಕ್ಕೇ ಮೂರು ತಿಂಗಳು ರೇಗಿಸಿದ ಊರು ಅದು. ಹಾಗಾಗಿ ಅವನಿಗೆ ಉಳಿದದ್ದು ಕೈ. ಕೈ ನೋಡಿಕೊಳ್ಳುವುದಕ್ಕೆ ಕನ್ನಡಿ ಬೇಡ. ಉದ್ದನೆಯ ಉಗುರು ಅಂಟಿಸಿಕೊಂಡು ಮಡಿಲ ಮೇಲೆ ಕೈ ಇಟ್ಟುಕೊಂಡರೆ, ಅಲ್ಲಿ ಒಬ್ಬಳು ಕೂತಿದ್ದಾಳೆ ಎಂದು ಅವನಿಗೆ ನಂಬಿಕೆ ಬರುತ್ತಿತ್ತು.

ಹೆಂಡತಿ ರಾಧಾಮಣಿಗೆ ಇದು ಗೊತ್ತಾಗಿ ಇಪ್ಪತ್ತು ವರ್ಷ. ಗೊತ್ತಾದಾಗ ಮೂರು ದಿನ ಒಲೆ ಹಚ್ಚಲಿಲ್ಲ. ನಾಲ್ಕನೆಯ ದಿನ ಮುದ್ದೆ ಬಡಿಸುತ್ತಾ ಹೇಳಿದಳು.

"ಮೇಲಿನ ರೂಮ್‌ಗೆ ನಾನ್ ಬರಾಕಿಲ್ಲ. ಅದು ಕೆಳಗಿಳಿದು ಬರಬಾರ್ದು. ತಿಳೀತಾ?"

ಆವತ್ತಿನಿಂದ ಆ ಮನೆಯಲ್ಲಿ ಅದರ ಹೆಸರು 'ಅದು'. ರಾಧಾಮಣಿಯನ್ನು ಬೈಯುವ ಮನಸ್ಸಾಗುತ್ತದೆ, ಆದರೆ ಬೈಯುವುದು ತಪ್ಪು. ಅವಳು ಬಾಯಿ ಬಿಡಲಿಲ್ಲ, ತವರಿಗೂ ಹೇಳಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಏನು, ಯಾಕೆ ಎಂದು ಕೇಳಲೂ ಇಲ್ಲ. ಅದು ಚನ್ನಕೇಶವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಉಗುರಿನ ಕೆಲಸ ಕಲಿಸಿದ್ದು ಮುಸರ್ರತ್. ಆರ್.ಟಿ. ನಗರದ ಒಂದು ಒಳರಸ್ತೆಯಲ್ಲಿ ಅವಳ ಬ್ಯೂಟಿ ಪಾರ್ಲರು. ಮೊದಲ ಸಲ ಚನ್ನಕೇಶವ ಹೋದಾಗ ಹೆಂಡತಿಗೆ ಬೇಕು ಎಂದಿದ್ದ. ಅವಳು ಅಂಟು ಉಗುರಿನ ಡಬ್ಬಿ ತೆರೆದಿಟ್ಟು, ಅವನು ಒಂದೊಂದನ್ನೇ ತನ್ನ ಬೆರಳ ಪಕ್ಕ ಹಿಡಿದು ನೋಡುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಅಣ್ಣಾ, ಡಬ್ಬೀಲಿ ಎಲ್ಲಾಕ್ಕಿಂತ ದೊಡ್ಡದೂ ನಿಮ್ಮ ಹೆಬ್ಬೆಟ್ಟಿಗೆ ಆಗಲ್ಲ. ಮಂಗಳವಾರ ಪಾರ್ಲರ್ ರಜ. ಹಿಂದಿನ ಬಾಗಿಲಿಂದ ಬನ್ನಿ, ಅಳತೆಗೆ ಮಾಡ್ಕೊಡ್ತೀನಿ" ಎಂದಳು.

ಅಷ್ಟೇ ಹೇಳಿದ್ದು. ಆಮೇಲೆ ಏಳು ವರ್ಷ, ತಿಂಗಳಿಗೆರಡು ಮಂಗಳವಾರ, ಆ ಹಿಂದಿನ ಬಾಗಿಲು. ಉಗುರಿನ ಬುಡದ ಚರ್ಮವನ್ನು ಹೇಗೆ ಹಿಂದಕ್ಕೆ ತಳ್ಳಬೇಕು, ಅಂಟು ಹಾಕುವ ಮೊದಲು ಉಗುರಿನ ಹೊಳಪನ್ನು ಎಷ್ಟು ಉಜ್ಜಬೇಕು, ಬಿಚ್ಚುವಾಗ ಬಿಸಿನೀರಿಗೆ ಸೋಪು, ಕೊಬ್ಬರಿ ಎಣ್ಣೆ ಹಾಕಿ ಎಷ್ಟು ಹೊತ್ತು ನೆನೆಸಬೇಕು, ಎಲ್ಲ ಹೇಳಿಕೊಟ್ಟಳು. ಅವಸರಕ್ಕೆ ಎಳೆದು ಕಿತ್ತರೆ ಬೈಯುತ್ತಿದ್ದಳು. ಚನ್ನಕೇಶವ ಕಿತ್ತದ್ದೂ ಉಂಟು. ಭಾನುವಾರ ಹೊತ್ತಿಗೆ ಎಲ್ಲ ತೆಗೆದು ಸ್ವಚ್ಛವಾಗಿರಬೇಕಿತ್ತಲ್ಲ. ವರ್ಷ ಕಳೆದಂತೆ ಅವನ ಸ್ವಂತ ಉಗುರು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಯಿತು. ಬಿಸಿ ಲೋಟ ಹಿಡಿದರೆ ಉರಿಯುತ್ತಿತ್ತು.

ಇನ್ನೊಂದು ತೊಂದರೆ ಕುರಿಯದು. ಕುರಿಯ ಉಣ್ಣೆಯಲ್ಲಿ ಒಂದು ಜಿಡ್ಡಿರುತ್ತದೆ. ಸಂತೆಯ ದಿನ ನೂರಾರು ಕುರಿಗಳ ಬೆನ್ನು ಅದುಮಿದ ಕೈಗೆ ಅದು ಎಷ್ಟು ಇಳಿದಿರುತ್ತದೆಂದರೆ, ಏನು ಉಜ್ಜಿ ತೊಳೆದರೂ ಅಂಟು ನಿಲ್ಲುತ್ತಿರಲಿಲ್ಲ. ಬುಧವಾರ ಅಂಟಿಸಿದ ಉಗುರು ಗುರುವಾರಕ್ಕೆ ತುದಿಯಲ್ಲಿ ಏಳುತ್ತಿತ್ತು. ಸಂದಿಗೆ ನೀರು ಸೇರಿ ಒಂದು ಸಲ ತೋರುಬೆರಳಿನ ಉಗುರು ಹಸಿರುಗಟ್ಟಿತು. ಹದಿನೈದು ದಿನ ಬಟ್ಟೆ ಸುತ್ತಿಕೊಂಡು, ಗೇಟಿಗೆ ಬೆರಳು ಸಿಕ್ಕಿತು ಎಂದು ಹೇಳಿಕೊಂಡು ತಿರುಗಿದ.

ಹೋದ ವರ್ಷ ಬಕ್ರೀದ್ ಹತ್ತಿರವಾಯಿತು. ಹಬ್ಬಕ್ಕೆ ಮುಂಚೆ ಮೂರು ವಾರ ದಿನವೂ ಸಂತೆಯೇ. ಮೂರು ವಾರ ಮೇಲಿನ ರೂಮಿಲ್ಲ, ಸೀರೆಯಿಲ್ಲ, ಉಗುರಿಲ್ಲ. ಹಿಂದಿನ ವರ್ಷಗಳಲ್ಲಿ ಅದನ್ನು ಹಲ್ಲು ಕಚ್ಚಿ ಕಳೆದಿದ್ದ. ಈ ಸಲ ಆಗಲಿಲ್ಲ. ವಯಸ್ಸಾಗುತ್ತಾ ಆಸೆ ಕಡಿಮೆಯಾಗುತ್ತದೆ ಎನ್ನುತ್ತಾರೆ, ಹೇಳಿದವರಿಗೆ ಅದರ ಗಂಧವೇ ಗೊತ್ತಿಲ್ಲ. ಮಂಗಳವಾರ ಮುಸರ್ರತ್ ಮುಂದೆ ಕೂತು ಕೇಳಿದ.

"ಬಿಚ್ಚದೇ ಇರೋಂಗೆ ಏನಾರ ಇಲ್ವೇನಮ್ಮಾ? ಯಾರ್ಗೂ ಕಾಣಬಾರ್ದು, ಅಷ್ಟೆ. ಇದೆ ಅಂತ ನನಗೊಬ್ಬನಿಗೆ ಗೊತ್ತಿದ್ರೆ ಸಾಕು."

ಮುಸರ್ರತ್ ಯೋಚಿಸಿದಳು. "ಜೆಲ್ ಮಾಡೋಣ, ಉಗುರು ಮೇಲೆ ಪದರ ಪದರವಾಗಿ ಹಚ್ಚೋದು. ಬಣ್ಣ ಬೇಡ. ಉದ್ದ ಬೆರಳು ತುದಿಗೇ ನಿಲ್ಸಿಬಿಡ್ತೀನಿ. ಲೈಟಿನ ಕೆಳಗೆ ಒಣಗಿದ್ರೆ ಮೂರು ವಾರ ಅಲ್ಲಾಡಲ್ಲ. ನೋಡಿದ್ರೆ ನಿಮ್ದೇ ಉಗುರು ಅನ್ಕೋಬೇಕು."

ಹಾಗೇ ಮಾಡಿದಳು. ಆರ್.ಟಿ. ನಗರದ ಬಸ್‌ಸ್ಟಾಪಿನ ಬಿಸಿಲಿನಲ್ಲಿ ನಿಂತು ಚನ್ನಕೇಶವ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ಏನೂ ಕಾಣಲಿಲ್ಲ. ಮನೆಯಲ್ಲಿ ರಾಧಾಮಣಿ ಎದುರೇ ಮುದ್ದೆ ಮುರಿದು ನುಂಗಿದ, ಅವಳಿಗೂ ಕಾಣಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ 'ಅದು' ಕೆಳಗಿಳಿದು ಬಂದು ಎಲ್ಲರ ನಡುವೆ ಊಟ ಮಾಡಿತ್ತು. ಆ ರಾತ್ರಿ ಅವನಷ್ಟು ಸುಖವಾಗಿ ಮಲಗಿದವರು ಯಲಹಂಕದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಕಣ್ಣಿಗೆ ಬೀಳದಿದ್ದರೆ ಸಾಕು ಎಂದುಕೊಂಡಿದ್ದ ಪುಣ್ಯಾತ್ಮ. ಮೂವತ್ತು ವರ್ಷ ಟವಲಿನ ಕೆಳಗೆ ಬದುಕಿದವನು, ಅಲ್ಲಿ ಕಣ್ಣಿಗೆ ಏನೂ ಕೆಲಸವಿಲ್ಲ ಎಂಬುದನ್ನೇ ಮರೆತ.

ಸೋಮವಾರ ಬೆಳಿಗ್ಗೆ ಸಿರಾದ ಕುರಿಗಾರನೊಬ್ಬ ಇಪ್ಪತ್ತು ಟಗರು ಇಳಿಸಿದ್ದ. ಕೊಳ್ಳಲು ಬಂದವನು ನೂರುಲ್ಲಾ. ಆರ್.ಟಿ. ನಗರದಲ್ಲಿ ಅವನದು ಮಟನ್ ಅಂಗಡಿ. ಅಪ್ಪನ ಕಾಲದಿಂದ ಚನ್ನಕೇಶವನ ಹತ್ತಿರವೇ ವ್ಯಾಪಾರ. ಇಬ್ಬರ ಕೈಗಳಿಗೂ ಎಷ್ಟು ಪರಿಚಯವೆಂದರೆ, ನೂರುಲ್ಲಾ ಬೆರಳು ಹಿಡಿಯುವ ಬಿಗಿಯಿಂದಲೇ ಅವನು ಎಲ್ಲಿಗೆ ನಿಲ್ಲುತ್ತಾನೆ ಎಂದು ಚನ್ನಕೇಶವನಿಗೆ ತಿಳಿಯುತ್ತಿತ್ತು. ಟವಲು ಇಳಿಯಿತು. ನೂರುಲ್ಲಾನ ಕೈ ಒಳಗೆ ಬಂದು ಎರಡು ಬೆರಳು ಹಿಡಿಯಿತು. ಹಿಡಿದದ್ದು ಹಾಗೇ ನಿಂತಿತು.

ಆಮೇಲೆ ಅವನ ಹೆಬ್ಬೆರಳು ಮೆಲ್ಲಗೆ ಚನ್ನಕೇಶವನ ತೋರುಬೆರಳಿನ ಉಗುರಿನ ಮೇಲೆ ಸರಿಯಿತು. ಬುಡದಿಂದ ತುದಿಗೆ. ಗಾಜಿನಂತೆ ನುಣುಪು, ಹಲ್ಲಿಯ ಹೊಟ್ಟೆಯಷ್ಟು ಉಬ್ಬು. ನಡುಬೆರಳಿಗೆ ಹೋಯಿತು. ಉಂಗುರದ ಬೆರಳಿಗೆ, ಕಿರುಬೆರಳಿಗೆ. ಅದು ಯಾವ ಬೆಲೆಯೂ ಆಗಿರಲಿಲ್ಲ. ಚನ್ನಕೇಶವ ಎಡಗೈಯಿಂದ ಟವಲಿನ ಅಂಚನ್ನು ಇನ್ನಷ್ಟು ಕೆಳಗೆಳೆದ. ಕೈ ಎಳೆದುಕೊಳ್ಳುವ ಹಾಗಿಲ್ಲ, ಎಳೆದುಕೊಂಡರೆ ವ್ಯಾಪಾರ ಮುರಿಯಿತು ಎಂದರ್ಥ. ನಿಂತ. ನೂರುಲ್ಲಾ ಅವನ ಮುಖ ನೋಡಲಿಲ್ಲ. ಕೈ ಹೊರಗೆ ತೆಗೆದು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಬೆಲೆಯನ್ನು ಬಾಯಲ್ಲೇ ಹೇಳಿದ.

ಸುತ್ತ ನಿಂತವರು ತಿರುಗಿ ಚನ್ನಕೇಶವನ ಟವಲನ್ನು ನೋಡಿದರು. ಕುರಿಗಾರ ಒಪ್ಪಿದ, ಟಗರು ಹೋದವು.

ಮರುದಿನವೂ ನೂರುಲ್ಲಾ ಬಾಯಲ್ಲೇ ಹೇಳಿದ. ಮೂರನೆಯ ದಿನವೂ. ಉಳಿದವರು ಯಾಕೆಂದು ಕೇಳಲಿಲ್ಲ, ತಾವೇ ಉತ್ತರ ಹುಡುಕಿಕೊಂಡರು. ನೂರುಲ್ಲಾನಂಥವನು ಚನ್ನಕೇಶವನ ಟವಲಿಗೆ ಕೈ ಹಾಕುವುದಿಲ್ಲ ಎಂದರೆ, ಒಳಗೆ ಏನೋ ಮೋಸ ನಡೆದಿದೆ. ಚನ್ನಕೇಶವ ಕುರಿಗಾರನಿಗೆ ಒಂದು ಬೆರಳು, ಕೊಳ್ಳುವವನಿಗೆ ಇನ್ನೊಂದು ಬೆರಳು ತೋರಿಸಿ ನಡುವೆ ನುಂಗುತ್ತಿದ್ದಾನೆ. ವಾರ ಕಳೆಯುವುದರಲ್ಲಿ ಹೊಸಬರೂ ಅವನನ್ನು ತಪ್ಪಿಸಿ ಹೋಗತೊಡಗಿದರು. ಪಾವಗಡದ ಕುರಿಗಾರನೊಬ್ಬ, ಚನ್ನಕೇಶವನೇ ಕೈ ಹಿಡಿದು ವ್ಯಾಪಾರ ಕಲಿಸಿದ್ದ ಹುಡುಗ, ಮುಖ ತಿರುಗಿಸಿ ಬೇರೆ ದಲ್ಲಾಳಿಯನ್ನು ಕೂಗಿದ.

ಜೀವಮಾನದಲ್ಲಿ ಅರ್ಧ ಗೆಣ್ಣಿನಷ್ಟೂ ಸುಳ್ಳು ಒತ್ತದವನಿಗೆ ಕಳ್ಳನೆಂಬ ಹೆಸರು. ಕಳ್ಳನಲ್ಲ ಎಂದು ಸಾಬೀತು ಮಾಡಬೇಕಾದರೆ ಉಗುರಿನ ಕತೆ ಹೇಳಬೇಕು. ಎರಡರಲ್ಲಿ ಯಾವುದು ಬೇಕು? ಈ ಅನ್ಯಾಯಕ್ಕೆ ಯಾರ ಮೇಲೆ ಕೈ ತೋರಿಸುವುದು ಎಂದು ನನಗೂ ಗೊತ್ತಿಲ್ಲ. ಆದರೆ ಅನ್ಯಾಯವೇ.

ಹಬ್ಬ ಮುಗಿದ ಮಂಗಳವಾರ ಅವನು ಮುಸರ್ರತ್ ಹತ್ತಿರ ಹೋಗಿ ಹತ್ತೂ ಬೆರಳು ಮುಂದಿಟ್ಟ. ಅವಳು ಅಸಿಟೋನಿನಲ್ಲಿ ಅದ್ದಿದ ಹತ್ತಿಯನ್ನು ಒಂದೊಂದು ಉಗುರಿಗೂ ಇಟ್ಟು ಅಲ್ಯೂಮಿನಿಯಂ ಹಾಳೆ ಸುತ್ತಿದಳು. ಮೆತ್ತಗಾದ ಪದರವನ್ನು ಕಡ್ಡಿಯಿಂದ ಕೆರೆಯುತ್ತಾ, "ಮುಂದಿನ ಸಲ ಯಾವ ಬಣ್ಣ?" ಎಂದಳು.

"ಮುಂದಿನ ಸಲ ಇಲ್ಲಮ್ಮ."

ಅವಳು ಕೆರೆಯುವುದನ್ನು ನಿಲ್ಲಿಸಿ ನೋಡಿದಳು. ಮತ್ತೆ ಕೆರೆದಳು.

ಸೀರೆಗಳನ್ನು ಅವನು ಯಾರಿಗೋ ಕೊಟ್ಟುಬಿಟ್ಟ. ಮೇಲಿನ ರೂಮನ್ನು ಬಾಡಿಗೆಗೆ ಬಿಟ್ಟ. ರಾಧಾಮಣಿ ಆವತ್ತು ಪಾಯಸ ಮಾಡಿದಳು, ಯಾಕೆಂದು ಅವಳೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ನಾಲ್ಕು ತಿಂಗಳಿಗೆ ಉಗುರು ಗಟ್ಟಿಯಾಗಿ, ಮೊದಲಿನಂತೆ ಒರಟಾಗಿ ಬೆಳೆಯಿತು. ಆ ಕೈಯನ್ನು ಹೊತ್ತುಕೊಂಡು ಒಂದು ಮಧ್ಯಾಹ್ನ ಅವನು ನೂರುಲ್ಲಾನ ಅಂಗಡಿಗೆ ಹೋದ. ಗಿರಾಕಿಗಳಿರಲಿಲ್ಲ. ನೂರುಲ್ಲಾ ಸ್ಟೂಲು ಸರಿಸಿ ಕೂರಿಸಿದ, ಚಹಾ ತರಿಸಿದ.

"ನೂರುಲ್ಲಾ ಭಾಯ್, ನಾನ್ ಯಾವತ್ತಾರ ಸುಳ್ಳು ಬೆರಳು ಒತ್ತಿದ್ದೀನಾ?"

"ಇಲ್ಲ."

"ಅಂಗಂತ ಸಂತೇಲಿ ಒಂದ್ ಮಾತು ಏಳಿ. ನನ್ನ ಕಳ್ಳ ಅಂತಾವ್ರೆ."

"ಹೇಳ್ತೀನಿ. ಮತ್ತೆ ಯಾಕೆ ಕೈ ಹಾಕಲ್ಲ ಅಂದ್ರೆ ಏನು ಹೇಳ್ಲಿ ಅಣ್ಣಾ? ಅದನ್ನ ಹೇಳಬಾರ್ದು ಅಂತಾನೇ ಬಾಯಿ ಮುಚ್ಕೊಂಡಿದ್ದೀನಿ."

ಚನ್ನಕೇಶವ ಕೈ ಚಾಚಿದ. "ಅದೆಲ್ಲ ಮುಗೀತು. ಬಿಟ್ಬಿಟ್ಟೆ. ನೋಡಿ, ಇಡ್ದು ನೋಡಿ. ಮೊದಲಿನಂಗೇ ಐತೆ."

ನೂರುಲ್ಲಾ ಆ ಕೈಯನ್ನು ನೋಡಿದ, ಹಿಡಿಯಲಿಲ್ಲ. ಸಿಟ್ಟಿರಲಿಲ್ಲ, ಅಸಹ್ಯವೂ ಇರಲಿಲ್ಲ. ಇದ್ದದ್ದು ಸಂಕೋಚ.

"ತಪ್ಪು ತಿಳೀಬೇಡಿ ಅಣ್ಣಾ. ಆವತ್ತು ಟವಲೊಳಗೆ ನಾನು ಹಿಡಿದಿದ್ದು ಹೆಂಗಸಿನ ಕೈ. ನಿಮ್ಮ ಕೈಗೆ ಏನೋ ಅಂಟಿಸಿದ್ರು ಅಂತ ನನಗೆ ಅನ್ನಿಸ್ಲಿಲ್ಲ. ಒಬ್ಳು ಹೆಂಗಸಿನ ಕೈ ಅಂತಾನೇ ಅನ್ನಿಸ್ತು. ಈಗ ಆ ಉಗುರು ಇರ್ಲಿ ಬಿಡ್ಲಿ, ನನಗೆ ಅದು ಹೋಗಲ್ಲ. ಬೇರೆ ಹೆಂಗಸ್ರ ಕೈ ಹಿಡಿಯೋನಲ್ಲ ನಾನು."

ಹೆಂಡತಿಯ ಬಾಯಲ್ಲಿ ಅವನು 'ಅದು' ಆಗಿದ್ದ. ಉಗುರು ಕಟ್ಟಿಕೊಟ್ಟ ಮುಸರ್ರತ್‌ಗೂ ಏಳು ವರ್ಷ ಅಣ್ಣನೇ ಆಗಿದ್ದ. ಈ ಮಾತನ್ನು ಕೇಳುವುದಕ್ಕಾಗಿ ಅವನು ಕನ್ನಡಿಯನ್ನು ಗೋಡೆಗೆ ತಿರುಗಿಸಿ ಕೂತಿದ್ದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ಕೊನೆಗೂ ಒಬ್ಬ ಮನುಷ್ಯ ಅದನ್ನು ನಂಬಿ ಹೇಳಿದ. ಎಲ್ಲವನ್ನೂ ಕಿತ್ತೊಗೆದು, ಒರಟು ಕೈ ಮಾಡಿಕೊಂಡು, ನಾನು ಅದಲ್ಲ ಎಂದು ಬೇಡಿಕೊಳ್ಳುವುದಕ್ಕೆ ಬಂದ ದಿನ ಹೇಳಿದ.

ಚಹಾ ಮುಗಿಸಿ ಚನ್ನಕೇಶವ ಎದ್ದ. ನೂರುಲ್ಲಾ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ. ಅಂಗಡಿಗೆ ಬರುವ ಹೆಂಗಸರಿಗೆ ಮಾಡುವ ಹಾಗೆ, ಬಲಗೈಯನ್ನು ಎದೆಗೆ ಒತ್ತಿಕೊಂಡು, ಕಣ್ಣು ತಗ್ಗಿಸಿ ಸಲಾಂ ಮಾಡಿದ.