ಕಾಯುವ ಗುಂಪಿನವಳಿಗೆ ಬಂದ ಫೋನು

ದೆವ್ವ ಕಂಡೆ ಎನ್ನುವವರ ಮುಖದ ಮೇಲೇ ನಗುತ್ತಿದ್ದವಳು ನಾನು. ಕೋರಮಂಡಲ್‌ನಲ್ಲಿ ಬೆಳೆದವರಿಗೆ ಅಲ್ಲಿನ ಚಿನ್ನದ ಗಣಿಯೊಳಗೆ ಸತ್ತವರ ಕತೆಗಳು ಊಟಕ್ಕೆ ಉಪ್ಪಿನಕಾಯಿ ಇದ್ದಂತೆ, ನಾನು ಒಂದನ್ನೂ ನಂಬಿರಲಿಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದೆ ಬಂಗಾರಪೇಟೆಯ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ. ಖಿನ್ನತೆ ಇರುವವರು ಮೊಬೈಲಿನಲ್ಲಿ ಪಾಠ ನೋಡಿಕೊಂಡು ತಾವೇ ಚೇತರಿಸಿಕೊಳ್ಳಬಹುದೇ ಎಂದು ಅಲ್ಲಿ ಪರೀಕ್ಷಿಸುತ್ತಿದ್ದರು. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಕೂಡಲೇ ಪಾಠ, ವಾರಕ್ಕೊಮ್ಮೆ ನಮ್ಮ ಫೋನು. ಇನ್ನೊಂದು ಗುಂಪು ಮೂರು ತಿಂಗಳು ಸುಮ್ಮನೆ ಕಾಯಬೇಕು, ಎರಡನ್ನೂ ಹೋಲಿಸಿ ನೋಡಲು; ಆಮೇಲೆ ಅವರಿಗೂ ಪಾಠ. ಕಾಯುವವರಿಗೆ ನಾವು ಫೋನ್ ಮಾಡುವಂತಿರಲಿಲ್ಲ. ನರಳುವವರನ್ನು ಕಾಯಿಸುವುದು ನನಗೆ ಹಿಡಿಸುತ್ತಿರಲಿಲ್ಲ. ಆದರೂ ಸಂಬಳ ತೆಗೆದುಕೊಳ್ಳುತ್ತಿದ್ದೆ.

ಕಾಮಸಮುದ್ರದ ಕಡೆಯ ಸರೋಜಮ್ಮ ಕಾಯುವ ಗುಂಪಿನವಳು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ಮೊದಲ ಸಲ ನೋಡಿದಾಗ, ಈಕೆ ಮೂರು ತಿಂಗಳು ಉಳಿಯುತ್ತಾಳೋ ಇಲ್ಲವೋ ಎಂದು ಹೆದರಿದ್ದೆ. ಅವಧಿ ಮುಗಿದ ಮೇಲೆ ಒಂದು ಮಧ್ಯಾಹ್ನ ಫಾರಂ ತುಂಬಿಸಿಕೊಳ್ಳಲು ಬಸ್ಸು ಹಿಡಿದು ಅವಳ ಮನೆಗೆ ಹೋದೆ. ಮುಖದಲ್ಲಿ ಕಳೆ ಬಂದಿತ್ತು. ಫಾರಂನಲ್ಲಿ ಒಂದು ಪ್ರಶ್ನೆಯಿತ್ತು: ಈ ಮಧ್ಯೆ ಬೇರೆ ಯಾರಿಂದಲಾದರೂ ಸಹಾಯ ಸಿಕ್ಕಿತೇ?

"ನೀವೇ ಅಲ್ವಾ ಮೇಡಂ," ಎಂದಳು. "ಮಂಗಳವಾರ ಮಂಗಳವಾರ ಫೋನ್ ಮಾಡಿ, ಏನ್ ತಿಂದೆ ಪಾಪಾ, ಎದ್ದು ಬಿಸಿಲಾಗೆ ಕೂತ್ಕೋ ಅಂತಿದ್ರಲ್ಲ. ಇಲ್ದಿದ್ರೆ ನಾನೆಲ್ಲಿರ್ತಿದ್ದೆ?"

ನಾನಲ್ಲಮ್ಮ ಎಂದೆ. ಅವಳು ನಕ್ಕಳು.

"ಮರ್ತ್ರಾ? ನಿಮ್ಗೂ ಇಂಗೇ ಆಗಿತ್ತು ಅಂದ್ರಿ. ಕೋರಮಂಡಲ್ ಮನೇಲಿ ಗೋಡೆ ಕಡೆ ತಿರುಗ್ಕಂಡು ಮಲಗಿರ್ತಿದ್ದೆ, ತಂಗಿ ಒಂದಿನಾನೂ ಪಕ್ಕ ಬಂದು ಕೂರ್ಲಿಲ್ಲ ಅಂದ್ರಿ."

ಹಾಗೆ ಮಲಗಿರುತ್ತಿದ್ದವಳು ನನ್ನ ಅಕ್ಕ, ನನ್ನನ್ನು ಪಾಪಾ ಎಂದು ಕರೆಯುತ್ತಿದ್ದವಳು. ಅವಳು ಸೋಮಾರಿ ಎಂದುಕೊಂಡು ನಾನು ಕೆಲಸಕ್ಕೆಂದು ಬೆಳಗಿನ ರೈಲಿಗೆ ಓಡುತ್ತಿದ್ದೆ. ಊಟ ಬಿಟ್ಟು, ಸೊರಗಿ, ಅವಳು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಇದನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಸರೋಜಮ್ಮನ ಮೊಬೈಲ್ ಈಸಿಕೊಂಡು ನೋಡಿದೆ. ಮಂಗಳವಾರಗಳಲ್ಲಿ ಅವಳ ತಮ್ಮನದು, ಡೈರಿಯವರದು ಬಿಟ್ಟರೆ ಬೇರೆ ಕರೆಯೇ ಇರಲಿಲ್ಲ. ಕಾಯಿಲೆಯಲ್ಲಿ ಕೆಲವರಿಗೆ ಇಲ್ಲದ ಧ್ವನಿ ಕೇಳಿಸುವುದುಂಟು, ಒಪ್ಪುತ್ತೇನೆ. ಆದರೆ ನಮ್ಮ ಮನೆಯ ಸಂಗತಿ ಅವಳಿಗೆ ಹೇಗೆ ಗೊತ್ತು?

ಫೋನಿನ ವಿಷಯ ಬರೆದರೆ ಅವಳನ್ನು ಪಟ್ಟಿಯಿಂದ ತೆಗೆಯುತ್ತಿದ್ದರು, ಇಷ್ಟು ದಿನ ಕಾದ ಪಾಠವೂ ತಪ್ಪುತ್ತಿತ್ತು. ಸಹಾಯ ಸಿಕ್ಕಿಲ್ಲ ಎಂದು ಗುರುತು ಹಾಕಿದೆ.

"ಪಾಠ ಶುರುವಾದ್ರೂ ಫೋನ್ ನಿಲ್ಸಬೇಡಿ ಮೇಡಂ," ಎಂದಳು, ನಾನು ಹೊರಡುವಾಗ. ತಂಗಿಯ ಬಗ್ಗೆ ಆ ಧ್ವನಿ ಇನ್ನೇನಾದರೂ ಹೇಳಿತೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಸರೋಜಮ್ಮ ಈಗಲೂ ಬಂಗಾರಪೇಟೆ ಸಂತೆಯಲ್ಲಿ ಸಿಗುತ್ತಾಳೆ, ಚೆನ್ನಾಗಿದ್ದಾಳೆ. ಅದನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.