ಜ್ವರಕ್ಕೆ ಕೂತ ಬೆಕ್ಕು

ಇವತ್ತು ಬೆಳಿಗ್ಗೆ ದೀಪಕ್ಕೆ ಬತ್ತಿ ಹೊಸೆಯುವಾಗ ಹತ್ತಿಯಲ್ಲಿ ಒಂದು ಕಪ್ಪು ಕೂದಲು ಸಿಕ್ಕಿತು. ಮೊದಲಾಗಿದ್ದರೆ ಅಪಚಾರವೆಂದು ಕೈ ತೊಳೆದು ಬೇರೆ ಹತ್ತಿ ತೆಗೆಯುತ್ತಿದ್ದೆ. ಇವತ್ತು ಕೂದಲನ್ನಷ್ಟೇ ಎಳೆದುಹಾಕಿ ಹೊಸೆದೆ. ಯಾಕೆಂದು ಹೇಳಲು ನಿಮ್ಮನ್ನು ವಿರೂಪಾಕ್ಷಿಪುರದ ದಾರಿಗೆ ಕರೆದೊಯ್ಯಬೇಕು.

ಅಲ್ಲಿ ಹಳೆಯ ರೇಷ್ಮೆ ಹುಳುವಿನ ಮನೆಯಲ್ಲಿ ಶೈಲಜಕ್ಕ ಬೀದಿಪಾಲಾದ ಬೆಕ್ಕುಗಳನ್ನು ಸಾಕುತ್ತಾರೆ. ಹುಳು ಮೇಯುತ್ತಿದ್ದ ಬಿದಿರು ತಟ್ಟೆಗಳಲ್ಲಿ ಈಗ ಬೆಕ್ಕುಗಳು ಮಲಗುತ್ತವೆ. ನಮ್ಮ ಬಚ್ಚಲ ಹಿಂದೆ ಸಿಕ್ಕ ಮರಿಯೊಂದನ್ನು ಕೊಟ್ಟುಬರಲು ಹೋದವಳು, ಕಸ ನೋಡಲಾಗದೆ ಪೊರಕೆ ಹಿಡಿದೆ. ಆಮೇಲೆ ವಾರವಾರವೂ ಹೋಗುವುದು ರೂಢಿಯಾಯಿತು. ಬೆಕ್ಕು ಅಡ್ಡ ಬಂದರೆ ಒಂದು ಗಳಿಗೆ ನಿಂತು ಹೊರಡುತ್ತಿದ್ದವಳು ನಾನು. ಅಲ್ಲಿ ಹೆಜ್ಜೆಹೆಜ್ಜೆಗೂ ಅಡ್ಡ ಬರುತ್ತಿದ್ದವು. ನಿಲ್ಲುತ್ತಾ ಹೋದರೆ ಗುಡಿಸುವುದು ಯಾವಾಗ?

ಒಮ್ಮೆ ಕನಕಪುರದಿಂದ ಒಂದು ಕರಿ ಬೆಕ್ಕು ಬಂತು. ಸಾಕಿದ ಅಜ್ಜಿ ತೀರಿಕೊಂಡಿದ್ದರು. ಅದು ಗೋಡೆಗೆ ಮುಖಮಾಡಿ ಕೂತುಬಿಟ್ಟಿತು. ಮೀನು, ಹಾಲು, ಏನನ್ನೂ ಮೂಸಲಿಲ್ಲ. ಮೈಯಲ್ಲಿ ರೋಗವಿಲ್ಲ, ಆದರೆ ಹೀಗೇ ಇದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಡ್ರಿಪ್ ಹಾಕಿದರು. ಮರುದಿನ ಸಂಜೆಯೂ ತಿನ್ನದಿದ್ದರೆ ಮೂಗಿಗೆ ನಳಿಗೆ ಹಾಕಬೇಕೆಂದರು. ಹೋಗಿಬಂದವರೆಲ್ಲ ಅದರ ಬಾಯಿಗೆ ತುತ್ತು ಹಿಡಿಯುವವರೇ, ಬೆನ್ನು ಸವರುವವರೇ. ನಾನಂತೂ ಮೊಸರನ್ನ ಹಿಡಿದು ಅಂಗಲಾಚಿದೆ.

ಮನೆಗೆ ಬಂದು ಅತ್ತೆಗೆ ಹೇಳಿಕೊಂಡೆ. ಜೀವಮಾನವೆಲ್ಲ ಹುಳು ಸಾಕಿದವರು. ಪೊರೆ ಕಳಚುವ ಮುನ್ನ ರೇಷ್ಮೆ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಅತ್ತೆ ಎಲೆಯಡಿಕೆ ಮೆಲ್ಲುತ್ತಾ ಕೇಳಿಸಿಕೊಂಡರು.

"ಜ್ವರಕ್ಕೆ ಕೂತಿರೋ ಹುಳದ ಮ್ಯಾಲೆ ಸೊಪ್ಪು ಸುರುದ್ರೆ ತಿಂತದಾ? ಮುಟ್ಬ್ಯಾಡಿ ಕಣವ್ವ. ಒಸಿ ಸದ್ದು ಮಾಡ್ದೆ ಬುಟ್ಬುಡಿ, ಅದೇ ಎದ್ದು ಕೇಳ್ತದೆ."

ಮರುದಿನ ಹೋಗಿ ಇದನ್ನು ಹೇಳಿದಾಗ, ಹುಳುವಿಗೂ ಬೆಕ್ಕಿಗೂ ಎಲ್ಲಿಯ ಸಂಬಂಧ ಎಂದು ಶೈಲಜಕ್ಕ ನಕ್ಕರು. ಆದರೂ ಡಾಕ್ಟರು ಬರುವವರೆಗೆ ನೋಡೋಣವೆಂದು ಎಲ್ಲರನ್ನೂ ಹೊರಗೆ ಕಳಿಸಿದರು. ನಾನು ತಟ್ಟೆಯಲ್ಲಿ ಮೀನಿಟ್ಟು, ಬೆಕ್ಕಿನತ್ತ ಬೆನ್ನುಮಾಡಿ ದೂರ ಕೂತೆ. ಬಾಯೊಳಗೇ ವಿಷ್ಣು ಸಹಸ್ರನಾಮ. ಕಾಲು ಜೋಮು ಹಿಡಿಯಿತು. ಬಿಸಿಲು ಬಾಗಿಲಿಂದ ಗೋಡೆಗೆ ಸರಿಯಿತು. ಏನೂ ಆಗಲಿಲ್ಲ. ನನಗೆ ಅಳು ಬರುವಂತಾಯಿತು.

ಆಗ ಹಿಂದಿನಿಂದ ತಟ್ಟೆ ಸಣ್ಣಗೆ ಸರಿದ ಸದ್ದು. ಆಮೇಲೆ ನೆಕ್ಕುವ ಸದ್ದು. ನಾನು ತಿರುಗಲಿಲ್ಲ, ಉಸಿರನ್ನೂ ಜೋರಾಗಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಬೆನ್ನಿಗೆ ಏನೋ ತಾಗಿತು: ಪುಟ್ಟದಾಗಿ, ಬೆಚ್ಚಗೆ, ಒಂದು ಹಣೆ. ಹುಡುಗಿಯಾಗಿದ್ದಾಗಿನಿಂದ ಬಾಯಿಪಾಠವಿದ್ದ ನಾಮ ಅಲ್ಲಿಗೇ ನಿಂತುಹೋಯಿತು. ಮುಂದಿನದು ಯಾವುದೆಂದು ಇವತ್ತಿಗೂ ನೆನಪಾಗಿಲ್ಲ, ನೆನಪಾಗಬೇಕೆಂದೂ ಅನ್ನಿಸಿಲ್ಲ.

ಆ ಬೆಕ್ಕನ್ನು ನಾನೇ ಸಾಕುತ್ತೇನೆಂದಾಗ ಅತ್ತೆ ಹೇಳಿದ್ದು ಇಷ್ಟೇ: "ತಂದ್ಬುಡು. ಒಲೆ ಮುಂದ್ಕೆ ಮಾತ್ರ ಬರ್ಬಾರ್ದು ಅಂತ ಅದ್ಕೆ ನೀನೇ ಹೇಳು." ಈಗ ಒಲೆ ಮುಂದೆ ಕೂರಿಸಿಕೊಂಡು ಹಾಲಿನ ಕೆನೆ ಕೊಡುವವರು ಅವರೇ.

ನಾನೋ, ಪೂಜೆಗೆ ಕೂತರೆ ಮಗಳ ಮಂಡಿನೋವಿನಿಂದ ಹಿಡಿದು ನಲ್ಲಿ ನೀರಿನವರೆಗೆ ದೇವರ ಮುಂದೆ ಸುರಿಯುತ್ತಿದ್ದವಳು. ಈಗ ಮಂಗಳಾರತಿ ಮುಗಿದ ಮೇಲೆ ಏನೂ ಕೇಳದೆ ಸುಮ್ಮನೆ ಕೂರುತ್ತೇನೆ. ಅವನಿಗೂ ಹತ್ತಿರ ಬರಲು ಒಂದಿಷ್ಟು ಬಿಡುವು ಬೇಕಲ್ಲ.